ಚಾಳೀಸಿನ ಕನ್ನಡಕ: ವರ್ಷ ತುಂಬಿದ ಮೇಲೊಂದು ವಿಮರ್ಶೆ

ಕಾಸರಗೋಡು ಪೇಟೆಯ ಕನ್ನಡಕದಂಗಡಿಯೊಂದರಲ್ಲಿ ಕಳೆದ ಜೂನ್ ತಿಂಗಳಲ್ಲಿ ಮಾಡಿಸಿಕೊಂಡ ನನ್ನ ಪ್ರೊಗ್ರೆಸಿವ್ ಲೆನ್ಸಿನ ಕನ್ನಡಕಕ್ಕೆ ಈಗ ವರ್ಷ ತುಂಬಿದೆ. ಫ್ರೇಮು, ಲೆನ್ಸು ಎರಡೂ ಸೇರಿ 8,400 ರೂಪಾಯಿ ತೆತ್ತ ವಸ್ತುವಿನ ಬಗ್ಗೆ ವಾರದೊಳಗೆ ಅಭಿಪ್ರಾಯ ಬರೆದರೆ ಅದು ಅಂಗಡಿಯವರ ನಗುಮುಖದ ವಿಮರ್ಶೆಯಾದೀತೇ ಹೊರತು ಕನ್ನಡಕದ್ದಾಗಲಾರದೆಂದು ಇಷ್ಟು ದಿನ ಕಾದೆ. ನನಗೀಗ ನಲುವತ್ತೊಂಬತ್ತು. ಈ ಹನ್ನೆರಡು ತಿಂಗಳಲ್ಲಿ, ಅಪ್ಪ ಬಿಟ್ಟುಹೋದ ಯಕ್ಷಗಾನ ಪ್ರಸಂಗಗಳ ಮೂರು ಕೈಬರಹದ ಪುಸ್ತಕಗಳ ಪೈಕಿ ಎರಡನ್ನು ಪೂರ್ತಿ ಬೆರಳಚ್ಚು ಮಾಡಿ ಮುಗಿಸಿದೆ. ಯಕ್ಷಗಾನದ ಪ್ರಸಂಗವನ್ನು ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದೆ. ಸ್ಕೂಟರಿನ ಲೈಸನ್ಸ್ ಪಡೆದೆ. ಮೂರು ಕೆಲಸಗಳಿಗೂ ಈ ಕನ್ನಡಕವೇ ಜೊತೆಗಿದ್ದುದರಿಂದ ಅದರ ಗುಣದೋಷಗಳನ್ನು ಆ ಕೆಲಸಗಳ ಲೆಕ್ಕದಲ್ಲಿಯೇ ಹೇಳುತ್ತೇನೆ.

ನಲುವತ್ತು ದಾಟಿದವರ ಕಣ್ಣಿನೊಳಗಿನ ಮಸೂರವು ಬಾಗುವ ಗುಣವನ್ನು ಕಳೆದುಕೊಳ್ಳುತ್ತ ಹೋಗಿ, ಹತ್ತಿರದ ಅಕ್ಷರಕ್ಕೆ ಬೇಕಾದಷ್ಟು ಉಬ್ಬಲಾರದ ಸ್ಥಿತಿಗೆ ಬರುವುದನ್ನೇ ನಾವು ಚಾಳೀಸು ಎನ್ನುತ್ತೇವೆ. ನನಗೆ ದೂರಕ್ಕೆ ಸ್ವಲ್ಪ ಮೈನಸ್ ಪವರು ಕಾಲೇಜಿನ ದಿನಗಳಿಂದಲೇ ಇತ್ತು. ಓದುವುದಕ್ಕೆ ಬೇರೆ ಪವರು ಸೇರಿದಾಗ, ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಗ್ರಾಹಕರ ಮುಖ, ಕಂಪ್ಯೂಟರಿನ ಪರದೆ, ಕೈಯಲ್ಲಿರುವ ಚೀಟಿ ಈ ಮೂರನ್ನು ನಿಮಿಷಕ್ಕೆ ಹತ್ತು ಸಲ ನೋಡಬೇಕಾದ ನನಗೆ ಎರಡು ಕನ್ನಡಕಗಳ ಬದಲಾವಣೆಯೇ ಒಂದು ಉದ್ಯೋಗವಾಯಿತು. ಪ್ರೊಗ್ರೆಸಿವ್ ಲೆನ್ಸು ಇಂಥವರಿಗಾಗಿಯೇ ಹುಟ್ಟಿದ್ದು. ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೇತನಾಜ್ ರೂಪಿಸಿದ ಇಂಥ ಲೆನ್ಸು 1959ರಲ್ಲಿ ಮಾರುಕಟ್ಟೆಗೆ ಬಂದಿತು. ಮೇಲ್ಭಾಗದಲ್ಲಿ ದೂರದ ನೋಟ, ನಡುವಿನ ಕಿರಿದಾದ ಓಣಿಯಲ್ಲಿ ಕೈಯಳತೆಯ ನೋಟ, ಕೆಳಗೆ ಓದುವ ನೋಟ. ಎರಡು ಪವರಿನ ಬೈಫೋಕಲಿನಲ್ಲಿ ಕಾಣುವ ಗೆರೆ ಇದರಲ್ಲಿಲ್ಲ. ಆದರೆ ಓಣಿಯ ಎರಡೂ ಬದಿಗೆ ಮಸುಕು ಇದ್ದೇ ಇರುತ್ತದೆ. ಎಷ್ಟು ಬೆಲೆ ಕೊಟ್ಟರೂ ಅದು ಕಿರಿದಾಗುತ್ತದೆಯೇ ವಿನಾ ಇಲ್ಲವಾಗುವುದಿಲ್ಲ. ಈ ಮಾತನ್ನು ಅಂಗಡಿಯಲ್ಲಿ ಹಣ ಕಟ್ಟುವ ಮೊದಲು ಯಾರೂ ನನಗೆ ಹೇಳಲಿಲ್ಲ.

ಕಣ್ಣಿನ ಪರೀಕ್ಷೆ ನಡೆಸಿದ ಹುಡುಗ ಸೌಜನ್ಯದವನು, ಆತುರವಿಲ್ಲದವನು. ಓದುವ ಪವರನ್ನು ನೋಡಲು ಅವನು ಕೈಗಿತ್ತ ಅಟ್ಟೆಯಲ್ಲಿ ಇಂಗ್ಲಿಷ್ ಇತ್ತು, ಮಲಯಾಳವಿತ್ತು, ಹಿಂದಿಯೂ ಇತ್ತು, ಕನ್ನಡವಿರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರದಿಂದಲೂ ಇಂಥದ್ದು ನಮಗೆ ಹೊಸತಲ್ಲವಾದ ಕಾರಣ ದೂರುವ ಉತ್ಸಾಹ ನನಗಿರಲಿಲ್ಲ. ಆದರೆ ಇಲ್ಲಿ ಭಾಷಾಭಿಮಾನಕ್ಕಿಂತ ಕಣ್ಣಿನ ಪ್ರಶ್ನೆಯೇ ದೊಡ್ಡದು. ನಾನು ದಿನವೂ ಓದುವುದು ಕನ್ನಡ. ಕನ್ನಡದಲ್ಲಿ ಒತ್ತಕ್ಷರವು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಸಾಲಿನ ಕೆಳಗೆ ತೂಗಾಡುತ್ತದೆ, ‘ದ’ಕಾರವನ್ನು ‘ಧ’ಕಾರವಾಗಿಸುವುದು ಬುಡದಲ್ಲಿರುವ ಒಂದು ಸಣ್ಣ ಸೀಳು, ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಗೆರೆ. ಇಂಗ್ಲಿಷಿನ ಸಾಲನ್ನು ಸರಾಗವಾಗಿ ಓದಿಸಿದ ಲೆನ್ಸಿನಲ್ಲಿಯೇ, ಚೀಲದಲ್ಲಿದ್ದ ಕನ್ನಡ ದಿನಪತ್ರಿಕೆಯನ್ನು ತೆಗೆದು ನೋಡಿದಾಗ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿದ್ದವು. ಹುಡುಗ ಒಂದು ಮೆಟ್ಟಿಲು ಪವರು ಏರಿಸಿದ, ಸರಿಹೋಯಿತು. ಈ ಊರಿನ ಕನ್ನಡಿಗರು ಯಾವ ಅಂಗಡಿಗೆ ಹೋದರೂ ತಾವು ನಿತ್ಯ ಓದುವ ಪುಟವೊಂದನ್ನು ಒಯ್ಯಬೇಕೆಂಬುದು ನನ್ನ ಗಟ್ಟಿಯಾದ ಸಲಹೆ.

ಏಳು ದಿನಗಳಲ್ಲಿ ಸಿದ್ಧವೆಂದ ಕನ್ನಡಕ ಕೈಸೇರುವಾಗ ಹತ್ತೊಂಬತ್ತು ದಿನ ಕಳೆದಿತ್ತು, ಅದೂ ತಪ್ಪಾಗಿತ್ತು. ಓದಬೇಕಾದರೆ ಗಲ್ಲವನ್ನು ಆಕಾಶಕ್ಕೆ ಎತ್ತಬೇಕಾಗುತ್ತಿತ್ತು. ಇಂಥ ಲೆನ್ಸಿಗೆ ಎರಡು ಕಣ್ಣುಗಳ ನಡುವಿನ ಅಂತರವೊಂದನ್ನೇ ಅಳೆದರೆ ಸಾಲದು. ಆರಿಸಿದ ಫ್ರೇಮನ್ನು ಮುಖಕ್ಕೆ ಸರಿಯಾಗಿ ಕೂರಿಸಿ, ಪಾಪೆಯ ನೇರಕ್ಕೆ ಲೆನ್ಸಿನ ಮೇಲೆ ಗುರುತು ಹಾಕಿ ಎತ್ತರವನ್ನೂ ಅಳೆಯಬೇಕು. ಮೊದಲ ಸಲ ಎತ್ತರ ಅಳೆದಿರಲಿಲ್ಲವೆಂಬುದು ಅಂಗಡಿಯ ಹಿರಿಯರು ಬಂದು ನೋಡಿದಾಗ ತಿಳಿಯಿತು. ಅವರು ತುಳುವಿನಲ್ಲಿ ಹುಡುಗನಿಗೆ ಎರಡು ಮಾತು, ಕನ್ನಡದಲ್ಲಿ ನನಗೆ ಒಂದು ಕ್ಷಮೆ ಹೇಳಿ, ಹಣ ಕೇಳದೆ ಹೊಸ ಲೆನ್ಸು ತರಿಸಿಕೊಟ್ಟರು. ಮೊದಲ ಎಂಟು ಹತ್ತು ದಿನ ಮನೆಯ ಮೆಟ್ಟಿಲುಗಳು ನೀರಿನ ಮೇಲೆ ತೇಲುವಂತೆ ಕಂಡವು. ಆಮೇಲೆ ಅಭ್ಯಾಸವಾಯಿತು.

ಈಗ ಅಪ್ಪನ ಪುಸ್ತಕಗಳ ವಿಷಯ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗ ಬರೆದಿಟ್ಟ ಪುಸ್ತಕ ಅಟ್ಟದ ಮೇಲಿರುವ ಮನೆಗಳು ಅಪರೂಪವಲ್ಲ; ನಮ್ಮದರಲ್ಲಿ ರಾಗತಾಳಗಳನ್ನು ಕೆಂಪು ಶಾಯಿಯಲ್ಲಿ, ಪದ್ಯಗಳನ್ನು ನೀಲಿಯಲ್ಲಿ ಬರೆದಿದ್ದ ಅಪ್ಪನ ಅಕ್ಷರ ದುಂಡಗಿದ್ದರೂ ಶಾಯಿ ಮಾಸಿ, ಹಾಳೆಯ ಅಂಚು ಅಡಿಕೆ ಸಿಪ್ಪೆಯ ಬಣ್ಣಕ್ಕೆ ತಿರುಗಿದೆ. ರಾತ್ರಿ ಊಟದ ನಂತರ ಒಂದು ಗಂಟೆ, ಭಾನುವಾರ ಮೂರು ಗಂಟೆ ಎಂಬ ಕ್ರಮದಲ್ಲಿ 212 ಪುಟಗಳನ್ನು ಬೆರಳಚ್ಚು ಮಾಡಿದೆ. ಪ್ರೊಗ್ರೆಸಿವ್ ಲೆನ್ಸು ನನ್ನ ಕೈಬಿಟ್ಟದ್ದು ಇಲ್ಲಿಯೇ. ಪುಸ್ತಕ ಕೆಳಗೆ, ಪರದೆ ಎದುರಿಗೆ. ಪರದೆಯ ಇಡೀ ಸಾಲು ಆ ಕಿರಿದಾದ ಓಣಿಯಲ್ಲಿ ಹಿಡಿಸದೆ, ಭಾಮಿನಿ ಷಟ್ಪದಿಯ ಒಂದೊಂದು ಸಾಲಿಗೂ ಕತ್ತನ್ನು ಎಡದಿಂದ ಬಲಕ್ಕೆ ಆಡಿಸಬೇಕಾಗುತ್ತಿತ್ತು. ಎರಡು ತಿಂಗಳಲ್ಲಿ ಕತ್ತುನೋವು ಬಂದಿತು. ಅದೇ ಅಂಗಡಿಯಲ್ಲಿ 950 ರೂಪಾಯಿಗೆ ಕೈಯಳತೆಗೆ ಮಾತ್ರ ಹೊಂದುವ ಒಂದೇ ಪವರಿನ ಸಾದಾ ಕನ್ನಡಕ ಮಾಡಿಸಿಕೊಂಡು, ಪುಸ್ತಕವನ್ನು ಪರದೆಯ ಪಕ್ಕಕ್ಕೆ ಅದೇ ಎತ್ತರದಲ್ಲಿ ನಿಲ್ಲಿಸಿದ ಮೇಲೆಯೇ ಕೆಲಸ ಸಾಗಿದ್ದು. ನನ್ನ ಈ ವರ್ಷದ ಅತ್ಯಂತ ದೊಡ್ಡ ಕೆಲಸದಲ್ಲಿ ಮುಕ್ಕಾಲು ಪಾಲು ಆ ಅಗ್ಗದ ಕನ್ನಡಕದ್ದೆಂಬುದನ್ನು ಮುಚ್ಚಿಡಲಾರೆ.

ತಾಳಮದ್ದಳೆಯಲ್ಲಿ ಮಾತ್ರ ದುಬಾರಿ ಲೆನ್ಸು ತನ್ನ ಬೆಲೆಯನ್ನು ತೀರಿಸಿತು. ವೇಷವಿಲ್ಲದ ಕಲೆಯಾದುದರಿಂದ ಕನ್ನಡಕ ಹಾಕಿಕೊಂಡೇ ಕೂರಬಹುದೆಂಬ ಅನುಕೂಲ ಅಲ್ಲಿದೆ. ‘ಚಾಳೀಸು ಬಂದ ಮೇಲೆ ಎಂತದ್ದು ಮಗಳೇ ಅರ್ಥ ಹೇಳುವುದು’ ಎಂದ ಅಮ್ಮನೇ ಮೊದಲ ಸಾಲಿನಲ್ಲಿ ಕುಳಿತಿದ್ದರು. ನನ್ನದು ವಾಲಿಯನ್ನು ಯುದ್ಧಕ್ಕೆ ಹೋಗದಂತೆ ತಡೆಯುವ ತಾರೆಯ ಪಾತ್ರ. ಎದುರಿನ ಅರ್ಥಧಾರಿ ಬಹಳ ಅನುಭವಿ. ಪಟ್ಟು ಹಿಡಿದು, ಸೋತು ಓಡಿದ ಸುಗ್ರೀವನಿಗೆ ಇಷ್ಟು ಬೇಗ ಬಲ ಎಲ್ಲಿಂದ ಬಂದಿತೆಂದು ಕೇಳಿದರು. ನನಗೆ ಎಲ್ಲವೂ ಮರೆತಿತ್ತು. ತೊಡೆಯ ಮೇಲಿದ್ದ ಚೀಟಿಯತ್ತ ರೆಪ್ಪೆ ಇಳಿಸಿದೆ. ಅಂಗದನ ಚಾರರು ತಂದ ಸುದ್ದಿ, ರಾಮನೊಡನೆ ಆದ ಸಖ್ಯ ಎಂಬ ಎರಡು ಪದಗುಚ್ಛಗಳು ಸ್ಪಷ್ಟವಾಗಿ ಕಂಡವು. ರೆಪ್ಪೆ ಎತ್ತಿದಾಗ ವಾಲಿಯ ಮುಖವೂ ಅಷ್ಟೇ ಸ್ಪಷ್ಟವಾಗಿತ್ತು. ನೋಟ ತಗ್ಗಿಸಿದ್ದನ್ನು ಸಭೆಯು ತಾರೆಯ ಸಂಕೋಚವೆಂದು ತಿಳಿದಿರಬೇಕು. ಓದುವ ಕನ್ನಡಕವೊಂದನ್ನು ಮೂಗಿನ ತುದಿಗೆ ಇಳಿಸಿಕೊಂಡು ಮಾಡಬಹುದಾದ ಕೆಲಸ ಇದಾಗಿರಲಿಲ್ಲ.

ಸ್ಕೂಟರಿನ ಬಗ್ಗೆ ಎರಡೇ ಮಾತು. ಎಂಟು ಹಾಕುವ ಪರೀಕ್ಷೆಯಲ್ಲಿ ಮೊದಲ ಸಲ ಕಾಲು ಊರಿದ್ದಕ್ಕೆ ಕನ್ನಡಕವನ್ನು ದೂರಲು ಮನಸ್ಸಾಗಿತ್ತಾದರೂ ಕಾರಣ ನನ್ನ ಭಯವೇ. ಆದರೆ ಕನ್ನಡಿಯನ್ನು ನೋಡುವಾಗ ಕಣ್ಣನ್ನು ಹೊರಳಿಸದೆ ತಲೆಯನ್ನೇ ತಿರುಗಿಸಬೇಕು. ಬದಿಯ ಮಸುಕಿನಲ್ಲಿ ಬಸ್ಸೂ ಕಂಬವೂ ಒಂದೇ.

ಬಾಳಿಕೆಯಲ್ಲಿ ನಿರಾಸೆಯಿದೆ. ನಮ್ಮ ಮಳೆಗಾಲದ ತೇವಕ್ಕೆ, ಬೆವರಿಗೆ ಮೂಗಿನ ಮೇಲೆ ಕೂರುವ ಪ್ಯಾಡುಗಳ ಸುತ್ತ ಆರೇ ತಿಂಗಳಲ್ಲಿ ಹಸಿರು ಕಟ್ಟಿತು. ಅವನ್ನು ಉಚಿತವಾಗಿ ಬದಲಿಸಿಕೊಟ್ಟರು. ಎಡಗಣ್ಣಿನ ಲೆನ್ಸಿನ ಲೇಪನದಲ್ಲಿ ಗೀರುಗಳಿವೆ. ಸೆರಗಿನಿಂದ ಒರೆಸಬಾರದೆಂದು ಹೇಳಿದ್ದರು, ಒರೆಸಿದೆ; ಈ ತಪ್ಪಿನಲ್ಲಿ ಅಂಗಡಿಗೆ ಪಾಲಿಲ್ಲ.

ಹೋದ ವಾರ ಮತ್ತೆ ಪರೀಕ್ಷೆಗೆ ಹೋದಾಗ ಅಪ್ಪನ ಪ್ರಸಂಗದ, ನಾನೇ ಬೆರಳಚ್ಚು ಮಾಡಿದ ಒಂದು ಪುಟವನ್ನು ಒಯ್ದಿದ್ದೆ. ಹುಡುಗ ಅದನ್ನು ಅಟ್ಟೆಯ ಜಾಗದಲ್ಲಿ ಹಿಡಿದು ಓದಲು ಹೇಳಿದ. ಮಲಯಾಳ ಬಲ್ಲ ಅವನಿಗೆ ಪದ್ಯ ಎಷ್ಟು ಅರ್ಥವಾಯಿತೋ, ಎಲ್ಲಿ ತಡವರಿಸಿದೆನೆಂಬುದನ್ನು ಮಾತ್ರ ಸರಿಯಾಗಿ ಗುರುತಿಸಿದ. ಓದುವ ಪವರು 0.25 ಏರಿದೆ. ಪ್ರೊಗ್ರೆಸಿವನ್ನು ಹೀಗೆಯೇ ಇನ್ನೊಂದು ವರ್ಷ ನಡೆಸಿ, ಸಾದಾ ಕನ್ನಡಕದ ಲೆನ್ಸನ್ನು ಮಾತ್ರ ಬದಲಿಸಲು ಹೇಳಿ ಬಂದಿದ್ದೇನೆ. ಮೂರನೆಯ ಪುಸ್ತಕದ ಶಾಯಿ ಮೊದಲೆರಡಕ್ಕಿಂತಲೂ ಹೆಚ್ಚು ಮಾಸಿದೆ. ಈ ಸಲ ಎತ್ತರವನ್ನು ಕೇಳದೆಯೇ ಅಳೆದರು. ಏಳು ದಿನ ಎಂದಿದ್ದಾರೆ.