ಹಳೆಯ ವಿಂಡೋಸ್ ಕೈಬಿಟ್ಟ ಸೌಂಡ್ ಮಾಡ್ಯೂಲ್: ಬಾಗಲಕೋಟೆಯ ರೆಕಾರ್ಡಿಂಗ್ ಕೋಣೆಯಿಂದ ಒಂದು ವಿಮರ್ಶೆ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸಣ್ಣ ರೆಕಾರ್ಡಿಂಗ್ ಕೋಣೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್ ಕೋಣೆ ಬಿಟ್ಟು ಕದಲುವುದಿಲ್ಲ. ಇನ್ನೊಂದು 32 ಬಿಟ್‌ನ ವಿಂಡೋಸ್ 7 ಇರುವ ಹಳೆಯ ಲ್ಯಾಪ್‌ಟಾಪ್. ನಾಟಕ, ಜಾತ್ರೆ, ಭಜನೆ ಎಂದು ಮುಧೋಳ, ಬೀಳಗಿ, ಬಾದಾಮಿಗಳ ಕಡೆಗೆ ನಮ್ಮೊಂದಿಗೆ ತಿರುಗುವುದು ಅದೇ. ಎರಡರಲ್ಲಿಯೂ ಹಲವು ವರ್ಷಗಳಿಂದ ಹಣ ಕೊಟ್ಟು ಕೊಂಡ ಒಂದೇ ಸೌಂಡ್ ಮಾಡ್ಯೂಲ್ ತಂತ್ರಾಂಶವನ್ನು ಬಳಸುತ್ತಿದ್ದೆವು. ಅದರ ಹೊಸ ಆವೃತ್ತಿಯು ವಿಂಡೋಸ್ 7 ಮತ್ತು 8.1ರ ಬೆಂಬಲವನ್ನೂ 32 ಬಿಟ್ ರೂಪವನ್ನೂ ಒಂದೇ ಏಟಿಗೆ ತೆಗೆದುಹಾಕಿದೆ. ಮುಂದೆ ದೂರಿನ ಮಾತೂ ಬರುವುದರಿಂದ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಹಾದಿಯಲ್ಲಿರುವ ಮಾಡ್ಯೂಲ್‌ಗಳು ಇನ್ನೂ ಇರುವುದರಿಂದ ಹೆಸರಿಲ್ಲದೆಯೂ ಈ ಬರಹ ಉಪಯೋಗಕ್ಕೆ ಬಂದೀತು.

ಮಿಡಿ ಕೀಬೋರ್ಡಿನಿಂದ ಹೊರಡುವುದು ಧ್ವನಿಯಲ್ಲ, ಯಾವ ಮನೆಯನ್ನು ಎಷ್ಟು ಜೋರಾಗಿ ಒತ್ತಲಾಯಿತು ಎಂಬ ಸಂದೇಶ ಮಾತ್ರ. ಅದನ್ನು ಪಿಟೀಲು, ಕೊಳಲು, ಪಿಯಾನೋಗಳ ಧ್ವನಿಯಾಗಿಸುವುದು ಮಾಡ್ಯೂಲಿನ ಕೆಲಸ. 1991ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಎಸ್‌ಸಿ-55ರಂತಹ ಪೆಟ್ಟಿಗೆಗಳು ಮಾಡುತ್ತಿದ್ದ ಈ ಕೆಲಸವನ್ನು ಈಗ ತಂತ್ರಾಂಶವೇ ಮಾಡುತ್ತದೆ. ಪೆಟ್ಟಿಗೆಗೆ ಕಂಪ್ಯೂಟರಿನ ಹಂಗಿರಲಿಲ್ಲ. ತಂತ್ರಾಂಶವಾದರೋ ಪ್ರತಿ ಕ್ಷಣವೂ ಕಾರ್ಯಾಚರಣ ವ್ಯವಸ್ಥೆಯ ಮೂಲಕವೇ ಸೌಂಡ್ ಕಾರ್ಡನ್ನು ತಲುಪಬೇಕು. ಪತ್ರ ಟೈಪು ಮಾಡುವಾಗ ಅಕ್ಷರವೊಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗಿ ಮೂಡಿದರೆ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನುಡಿಸುವವರ ಬೆರಳಿಗೂ ಕಿವಿಗೂ ನಡುವೆ ಅಷ್ಟು ಅಂತರ ಬಿದ್ದರೆ ಲಯವೇ ಕೆಡುತ್ತದೆ.

ಡೆಸ್ಕ್‌ಟಾಪಿನಲ್ಲಿ ಹೊಸ ಆವೃತ್ತಿಯನ್ನು ಹಾಕಿದ ಮೊದಲ ದಿನವೇ ನನಗೆ ವ್ಯತ್ಯಾಸ ತಿಳಿಯಿತು. ವಿಂಡೋಸ್‌ನಲ್ಲಿ ಧ್ವನಿಯನ್ನು ಹೊರಗೆ ಕಳುಹಿಸಲು ಹಳೆಯ ಎಂಎಂಇ ಹಾಗೂ ಡೈರೆಕ್ಟ್‌ಸೌಂಡ್ ಎಂಬ ದಾರಿಗಳಿದ್ದವು. ವಿಸ್ತಾ ಆವೃತ್ತಿಯೊಂದಿಗೆ ವಾಸಾಪಿ ಎಂಬ ಹೊಸ ದಾರಿ ಬಂದಿತು. ಹಲವು ತಂತ್ರಾಂಶಗಳು ಏಕಕಾಲಕ್ಕೆ ಧ್ವನಿ ಹೊರಡಿಸುವ ಸಾಮಾನ್ಯ ಸ್ಥಿತಿಯಲ್ಲಿ ಈ ದಾರಿಯೂ 10 ಮಿಲಿಸೆಕೆಂಡಿಗೊಮ್ಮೆಯೇ ದತ್ತಾಂಶವನ್ನು ಸಾಗಿಸುತ್ತಿತ್ತು. ಅದಕ್ಕಿಂತ ಚಿಕ್ಕ ಕಂತುಗಳಿಗೆ ಅವಕಾಶವಾದದ್ದು ವಿಂಡೋಸ್ 10ರಲ್ಲಿ. ಹಳೆಯ ವ್ಯವಸ್ಥೆಗಳನ್ನು ಕೈಬಿಟ್ಟದ್ದರಿಂದ ಹೊಸ ಆವೃತ್ತಿಯು ಈ ಸೌಲಭ್ಯವನ್ನೇ ನೆಚ್ಚಿಕೊಳ್ಳಬಹುದಾಗಿದೆ. ಮೊದಲು ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ ಬಫರನ್ನು (ಒಂದು ಕಂತಿನಲ್ಲಿ ಸಾಗುವ ಮಾದರಿಗಳ ಸಂಖ್ಯೆಯನ್ನು) 512ಕ್ಕಿಂತ, ಅಂದರೆ ಸುಮಾರು 10.7 ಮಿಲಿಸೆಕೆಂಡಿಗಿಂತ, ಕೆಳಗಿಳಿಸಿದರೆ ಧ್ವನಿಯಲ್ಲಿ ಚಟಪಟ ಸದ್ದು ಸೇರಿಕೊಳ್ಳುತ್ತಿತ್ತು. ಈಗ 128ಕ್ಕೆ, ಅಂದರೆ 2.7 ಮಿಲಿಸೆಕೆಂಡಿಗೆ, ಇಳಿಸಿದರೂ ಶುದ್ಧವಾಗಿಯೇ ಕೇಳುತ್ತದೆ. ಇದು ಬಫರಿನ ಲೆಕ್ಕ ಮಾತ್ರ, ಸೌಂಡ್ ಕಾರ್ಡು ತನ್ನ ಪಾಲಿನ ವಿಳಂಬವನ್ನು ಸೇರಿಸಿಯೇ ಸೇರಿಸುತ್ತದೆ. ಆದರೂ ಪ್ಯಾಡಿನ ಮೇಲೆ ‘ತಿರಕಿಟ’ ನುಡಿಸುವ ನಮ್ಮ ತಬಲಾ ಹುಡುಗನು ಯಾರೂ ಹೇಳದೆಯೇ ಬದಲಾವಣೆಯನ್ನು ಗುರುತಿಸಿದನು.

32 ಬಿಟ್ ರೂಪವನ್ನು ತೆಗೆದದ್ದಕ್ಕೂ ಸಕಾರಣವಿದೆ. ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶವೊಂದಕ್ಕೆ ಸಾಮಾನ್ಯವಾಗಿ ದಕ್ಕುವ ಮೆಮೊರಿ 2 ಜಿಬಿ. ದೊಡ್ಡ ಪಿಯಾನೋ ಮತ್ತು ತಂಬೂರಿಯ ಧ್ವನಿ ಮಾದರಿಗಳನ್ನು ಒಟ್ಟಿಗೆ ತೆರೆದರೆ ನಮ್ಮ ಹಳೆಯ ಆವೃತ್ತಿ ಅಲ್ಲಿಯೇ ಮುಗ್ಗರಿಸುತ್ತಿತ್ತು.

ಹಾಗಾದರೆ ಹಳೆಯ ವ್ಯವಸ್ಥೆಗಳನ್ನು ಕೈಬಿಟ್ಟದ್ದು ಅನ್ಯಾಯವೇ? ನನಗೆ ಹಾಗೆನಿಸುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬಳಕೆದಾರರಿಗೆ ಕೊಡುತ್ತಿದ್ದ ಬೆಂಬಲವು 2020ರ ಜನವರಿ 14ರಂದು, 8.1ರದ್ದು 2023ರ ಜನವರಿ 10ರಂದು ಕೊನೆಗೊಂಡಿತು. ತಂತ್ರಾಂಶಗಳ ಕಿಟಕಿ, ಗುಂಡಿಗಳನ್ನು ರೂಪಿಸಲು ಬಹಳ ಜನ ಬಳಸುವ ಕ್ಯೂಟಿ ಎಂಬ ಸಾಧನದ 6ನೆಯ ಆವೃತ್ತಿಯು ವಿಂಡೋಸ್ 7ನ್ನು ಬೆಂಬಲಿಸುವುದಿಲ್ಲ, ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯ 3.9 ಆವೃತ್ತಿ ಕೂಡ ಅದರಲ್ಲಿ ನಡೆಯುವುದಿಲ್ಲ. ತಾನು ನಿಂತ ನೆಲವೇ ಹೀಗೆ ಸರಿಯುತ್ತಿರುವಾಗ ಮಾಡ್ಯೂಲ್ ಬರೆಯುವವರು ಮಾತ್ರ ಹಳೆಯ ಪ್ರೋಗ್ರಾಂ ಸಂಕೇತಗಳನ್ನು (ಕೋಡ್) ಉಳಿಸಿಕೊಂಡು, ಪ್ರತಿ ತಿದ್ದುಪಡಿಯನ್ನೂ ಐದಾರು ವ್ಯವಸ್ಥೆಗಳಲ್ಲಿ ಪರೀಕ್ಷಿಸುತ್ತಿರಬೇಕೆಂದು ಕೇಳುವುದು ನ್ಯಾಯವಲ್ಲ. ಆ ಶ್ರಮದ ಬೆಲೆಯನ್ನು ಹೊಸ ಕಂಪ್ಯೂಟರ್ ಇರುವವರೂ ತೆರಬೇಕಾಗುತ್ತದೆ.

ನನ್ನ ತಕರಾರು ಇರುವುದು ಅದನ್ನು ಮಾಡಿದ ರೀತಿಯ ಬಗ್ಗೆ. ಬೆಂಬಲ ನಿಲ್ಲುವ ಸುದ್ದಿಯು ಆವೃತ್ತಿಯ ಟಿಪ್ಪಣಿಯ ಕೊನೆಯಲ್ಲಿ ಒಂದೇ ಒಂದು ಸಾಲಿನಲ್ಲಿತ್ತು. ಬೀಳಗಿ ತಾಲೂಕಿನ ಹಳ್ಳಿಯೊಂದರಲ್ಲಿ ನಾಟಕದ ಹಿಂದಿನ ಸಂಜೆ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿದಾಗ ಮಾಡ್ಯೂಲ್ ತಾನಾಗಿಯೇ ಹೊಸ ಆವೃತ್ತಿಯನ್ನು ಇಳಿಸಿಕೊಂಡಿತು, ಹಳೆಯದನ್ನು ಅಳಿಸಿತು, ಆಮೇಲೆ ‘ಈ ವ್ಯವಸ್ಥೆಗೆ ಬೆಂಬಲವಿಲ್ಲ’ ಎಂದು ಹೇಳಿ ನಿಂತುಬಿಟ್ಟಿತು. ಮೊದಲು ವ್ಯವಸ್ಥೆಯನ್ನು ಪರಿಶೀಲಿಸಿ ಆಮೇಲೆ ಅಳಿಸುವಷ್ಟು ವಿವೇಚನೆ ಅದಕ್ಕಿರಬೇಕಿತ್ತು. ಕಂಪನಿಯ ತಾಣದಲ್ಲಿ ಕೊನೆಯ ಹಳೆಯ ಆವೃತ್ತಿ ಸಿಕ್ಕಿತಾದರೂ ಅದನ್ನು ಮತ್ತೆ ಸಕ್ರಿಯಗೊಳಿಸಲು ಆಗಲಿಲ್ಲ. ಕಾರಣವನ್ನು ಆಮೇಲೆ ಅವರೇ ತಿಳಿಸಿದರು: ಸರ್ವರ್ ಈಗ ಟಿಎಲ್‌ಎಸ್ 1.2 ಎಂಬ ಸುರಕ್ಷತಾ ವಿಧಾನವನ್ನು ಬಯಸುತ್ತದೆ, ವಿಂಡೋಸ್ 7ರಲ್ಲಿ ಅದು ಪ್ರತ್ಯೇಕ ಅಪ್‌ಡೇಟ್ ಹಾಕದೆ ತಾನಾಗಿ ಚಾಲ್ತಿಗೆ ಬರುವುದಿಲ್ಲ. ಪತ್ರ ಬರೆದ ನಾಲ್ಕನೆಯ ದಿನ ಇಂಟರ್‌ನೆಟ್ ಇಲ್ಲದೆಯೂ ಸಕ್ರಿಯಗೊಳಿಸಬಹುದಾದ ಫೈಲನ್ನು ಸೌಜನ್ಯದಿಂದಲೇ ಕಳುಹಿಸಿಕೊಟ್ಟರು, ಅಷ್ಟರಲ್ಲಿ ನಾಟಕ ಮುಗಿದಿತ್ತು. ಆ ರಾತ್ರಿ ಮೇಳದ ಮಾನ ಉಳಿಸಿದ್ದು ಪೇಟಿ (ಹಾರ್ಮೋನಿಯಂ) ಮಾಸ್ತರರು. “ನಮ್ಮ ಪೇಟಿಗೆ ಅಪ್‌ಡೇಟ್ ಬೇಕಾಗಂಗಿಲ್ರಿ, ತಿದಿ ಹರೀಲಾರದಂಗ ನೋಡಿಕೊಂಡ್ರ ಸಾಕು” ಎಂದು ಅವರು ಇಂದಿಗೂ ನನ್ನನ್ನು ಕೆಣಕುತ್ತಾರೆ.

ಅದಾದ ಮೇಲೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆಗೆದು ಡೆಬಿಯನ್ 12 ಲಿನಕ್ಸ್ ಹಾಕಿ, ಉಚಿತವಾಗಿ ದೊರೆಯುವ ಫ್ಲೂಯಿಡ್‌ಸಿಂತ್ ಎಂಬ ಮುಕ್ತ ತಂತ್ರಾಂಶವನ್ನು ಬಳಸತೊಡಗಿದೆ. ಇದು ಸೌಂಡ್‌ಫಾಂಟ್ ಎಂಬ ಫೈಲುಗಳಿಂದ ಧ್ವನಿಯನ್ನು ಓದಿಕೊಳ್ಳುತ್ತದೆ, ಆದ್ದರಿಂದ ಫೈಲು ಎಷ್ಟು ಚೆನ್ನಾಗಿದೆಯೋ ಧ್ವನಿಯೂ ಅಷ್ಟೇ. ಪಿಟೀಲಿನ ವಿಷಯದಲ್ಲಿ ನಮ್ಮ ಹಣ ಕೊಟ್ಟ ಮಾಡ್ಯೂಲಿಗೆ ಇದು ಸಾಟಿಯಲ್ಲ. ಆದರೆ ಪ್ರತಿಯೊಂದು ಮನೆಯ ಶ್ರುತಿಯನ್ನೂ ಬೇರೆಬೇರೆಯಾಗಿ ಹೊಂದಿಸುವ ಅವಕಾಶ ಇದರಲ್ಲಿರುವುದು ನಮ್ಮ ಭಾಗದ ಹಿಂದೂಸ್ತಾನಿ ಗಾಯಕರ ಜೊತೆ ಕೂರುವವರಿಗೆ ದೊಡ್ಡ ಅನುಕೂಲ. ಕೀಬೋರ್ಡಿನ ಸಮಪಾಲಿನ ಶ್ರುತಿಯಲ್ಲಿ ಷಡ್ಜದಿಂದ 400 ಸೆಂಟ್ (ಒಂದು ಸ್ಥಾಯಿಯ 1,200ನೆಯ ಒಂದು ಭಾಗವೇ ಸೆಂಟ್) ದೂರದಲ್ಲಿರುವ ಶುದ್ಧ ಗಾಂಧಾರವನ್ನು ತಂಬೂರಿಗೆ ಹೊಂದುವ 386ಕ್ಕೆ ಇಳಿಸಿ, ಕಾಳಿ ಎರಡರಲ್ಲಿ (ಎರಡನೆಯ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು) ಹಾಡುವವರಿಗೆ ಒಂದು, ಬೇರೆ ಪಟ್ಟಿಯವರಿಗೆ ಇನ್ನೊಂದು ಎಂದು ಸಿದ್ಧಪಡಿಸಿಟ್ಟುಕೊಂಡಿದ್ದೇನೆ. ಆದೇಶಗಳನ್ನು ಟೈಪು ಮಾಡಲು ಬೇಸರವಾದರೆ ಕ್ಯೂಸಿಂತ್ ಎಂಬ ಕಿಟಕಿಯ ರೂಪವಿದೆ. ಆರಂಭದಲ್ಲಿ ಧ್ವನಿಯ ಮಟ್ಟ 0.2ರಷ್ಟೇ ಇರುತ್ತದೆ, ಸದ್ದು ಕ್ಷೀಣವಾಗಿದೆಯೆಂದು ಸ್ಪೀಕರನ್ನು ಬಿಚ್ಚುವ ಮೊದಲು ಅದನ್ನು ಏರಿಸಿ ನೋಡಬೇಕು.

ಮುಕ್ತ ತಂತ್ರಾಂಶವಾದರೆ ಹಳೆಯ ಯಂತ್ರ ಎಂದೆಂದಿಗೂ ನಡೆದೀತೆಂದು ಭಾವಿಸುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರನ್ನೇ ಕೊಟ್ಟಿಲ್ಲ. ಆದರೆ ಅಲ್ಲಿ ಹಿಂದಿನ ಆವೃತ್ತಿ ಯಾರ ಅನುಮತಿಯೂ ಬೇಡದೆ ಸಿಗುತ್ತದೆ, ಯಾವ ಸರ್ವರನ್ನೂ ಕೇಳದೆ ನಡೆಯುತ್ತದೆ. ನಮ್ಮ ಮಾಡ್ಯೂಲ್ ಕಂಪನಿಯೂ ಇಷ್ಟನ್ನು ಮಾಡಿ, ಆರು ತಿಂಗಳು ಮೊದಲೇ ಪರದೆಯ ಮೇಲೆ ಸೂಚನೆ ಕೊಟ್ಟಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ವಿಂಡೋಸ್ 10 ಅಥವಾ 11, 64 ಬಿಟ್ ಇರುವವರು ಹೊಸ ಆವೃತ್ತಿಗೆ ಹಿಂಜರಿಯದೆ ಹೋಗಬಹುದು. ಹಳೆಯ ಯಂತ್ರವಿರುವವರು ಇಂದೇ ಸ್ವಯಂಚಾಲಿತ ಅಪ್‌ಡೇಟ್ ನಿಲ್ಲಿಸಿ, ಕೊನೆಯ ಇನ್‌ಸ್ಟಾಲರ್ ಮತ್ತು ಸಕ್ರಿಯಗೊಳಿಸುವ ಫೈಲನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಮುಂದಿನ ಸರದಿ ನಮ್ಮ ಡೆಸ್ಕ್‌ಟಾಪಿನದು; ಅದರ ಎರಡೂ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ಚೀಟಿ ಅಂಟಿಸಿ, ಪೇಟಿಯ ಪಕ್ಕದಲ್ಲಿಯೇ ಇಟ್ಟಿದ್ದೇನೆ.