ಕಾರವಾರದ ಸಂಜೆ ಇಂಗ್ಲಿಷ್ ಕ್ಲಾಸು: ‘ಎ’, ‘ಆ್ಯನ್’ ಪಾಠಕ್ಕೆ ಪೂರ್ತಿ ಅಂಕ, ಜೆರಾಕ್ಸ್ ನೋಟ್ಸಿಗೆ ಸೊನ್ನೆ

ಕಾರವಾರ ಪೇಟೆಯಲ್ಲಿ ಸಂಜೆ ಹೊತ್ತು ನಡೆಯುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಬಗ್ಗೆ ಇದು. ದೂರುಗಳೂ ಇರುವುದರಿಂದ ಹೆಸರು ಹಾಕಿಲ್ಲ. ನಾನು ಲಾಡ್ಜಿನ ರಿಸೆಪ್ಷನ್‌ನಲ್ಲಿ ಕೂರುವವನು. ಬರುವ ಗೆಸ್ಟ್‌ಗಳಿಗೆ ವಾಟ್ಸಾಪಿನಲ್ಲಿ ಇಂಗ್ಲಿಷ್ ಮೆಸೇಜು ಕಳಿಸುವುದೇ ಅರ್ಧ ಕೆಲಸ. ಮಾಲಕರೇ ಫೀಸು ಕಟ್ಟಿ ಕಳಿಸಿದರು.

ಕಲಿಸುವವರು ಹೈಸ್ಕೂಲಿನಿಂದ ರಿಟೈರ್ ಆದ ಅಕ್ಕೋರು. ‘ಎ’, ‘ಆ್ಯನ್’ ಪಾಠ ಒಂದಕ್ಕೇ ಫೀಸು ವಸೂಲಿ ಅನ್ನಬಹುದು. ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು ಎ, ಇ, ಐ, ಓ, ಯು ಬಂದರೆ ‘ಆ್ಯನ್’, ಉಳಿದದ್ದಕ್ಕೆ ‘ಎ’ ಅಂತ, ಅಲ್ವಾ? ಅಕ್ಕೋರು ಅದನ್ನು ಬೋರ್ಡಿನ ಮೇಲೆ ಬರೆದು, ಅಲ್ಲೇ ಒರೆಸಿದರು.

“ಸ್ಪೆಲಿಂಗ್ ನೋಡೂಕೆ ಹೋಗ್ಬೇಡಿ. ಆ ಶಬ್ದ ಕನ್ನಡದಲ್ಲಿ ಬರೀರಿ. ಮೊದಲನೇದು ಸ್ವರ ಆದ್ರೆ ಆ್ಯನ್, ವ್ಯಂಜನ ಆದ್ರೆ ಎ.”

ಬರೆದು ನೋಡಿದೆವು. ಸ್ಪೆಲಿಂಗಿನಲ್ಲಿ ಎಚ್ ಇದ್ದರೂ ‘ಅವರ್’ ಶುರುವಾಗುವುದು ಅ ದಿಂದ, ಹಾಗಾಗಿ ‘ಆ್ಯನ್ ಅವರ್’. ‘ಅಂಬ್ರೆಲಾ’ ಕೂಡ ಹಾಗೇ. ಆದರೆ ಯುನಿಫಾರ್ಮ್, ಯುನಿವರ್ಸಿಟಿ, ಯುರೋಪಿಯನ್ ಮೂರಕ್ಕೂ ಮೊದಲು ಬರುವುದು ಯು, ವ್ಯಂಜನ. ‘ಎ ಯುನಿಫಾರ್ಮ್’. ನನಗೆ ದಿನಾ ಬೇಕಾಗುವ ‘ಎ ಯುಪಿಐ ಪೇಮೆಂಟ್’ ಕೂಡ ಇದರಲ್ಲೇ ಬಂತು. ಬಸ್ಸಿನದ್ದು ಇನ್ನೂ ಮಜಾ. ‘ಎ ಕೆಎಸ್‌ಆರ್‌ಟಿಸಿ ಬಸ್’, ಆದರೆ ನಮ್ಮೂರಿನ ಡಿಪೋದ್ದು ‘ಆ್ಯನ್ ಎನ್‌ಡಬ್ಲ್ಯುಕೆಆರ್‌ಟಿಸಿ ಬಸ್’. ಟಾಗೋರ್ ಬೀಚಿನಲ್ಲಿ ನಿಲ್ಲಿಸಿಟ್ಟ ಚಪಲ್ ಯುದ್ಧನೌಕೆ ‘ಆ್ಯನ್ ಐಎನ್‌ಎಸ್ ಶಿಪ್’, ಆಚೆ ಇರುವುದು ‘ಎ ನೇವಲ್ ಬೇಸ್’.

ಈ ಉಪಾಯ ಕೈಕೊಡುವ ಜಾಗವನ್ನೂ ಅಕ್ಕೋರೇ ತೋರಿಸಿದರು. ಮೊಟ್ಟೆ ಅಂಗಡಿಯ ಹುಡುಗನೊಬ್ಬ ‘ಎ ಯೆಗ್’ ಅಂತ ಬರೆದಿದ್ದ. ಅವನ ಬಾಯಲ್ಲಿ ಅದು ಯೆಗ್ಗೇ, ಲೆಕ್ಕ ಸರಿಯಾಗೇ ಇದೆ! ತಪ್ಪಿರುವುದು ಬಾಯಿ. ಎಕಾರಕ್ಕೆ ಯ, ಒಕಾರಕ್ಕೆ ವ ಸೇರಿಸುವುದು ನಮ್ಮೆಲ್ಲರ ಅಭ್ಯಾಸ. ಅವನಿಂದ ‘ಎಗ್, ಎಗ್’ ಅಂತ ಹೇಳಿಸಿ ಹೇಳಿಸಿ ಯ ಬಿಡಿಸಿದರು. ‘ಒನ್‌ವೇ’ ಇದರ ಉಲ್ಟಾ. ನಾವು ಬರೆಯುವುದು ಒ, ನಿಜವಾದ ಉಚ್ಚಾರ ವನ್. ಅದಕ್ಕೇ ‘ಎ ಒನ್‌ವೇ ರೋಡ್’.

ಎಚ್‌ಎಂಟಿ ವಾಚಿನ ಮೇಲೆ ದೊಡ್ಡ ಜಗಳವೇ ಆಯಿತು. ‘ಎಚ್’ ಅನ್ನುವವರಿಗೆ ‘ಆ್ಯನ್’ ಸರಿ, ‘ಹೆಚ್’ ಅನ್ನುವವರಿಗೆ ‘ಎ’ ಸರಿ. ನಮ್ಮಲ್ಲಿ ಹೆಚ್ ಅನ್ನುವವರೇ ಜಾಸ್ತಿ. ಪರೀಕ್ಷೆಯಲ್ಲಿ ‘ಆ್ಯನ್ ಎಚ್‌ಎಂಟಿ’ ಬರೀರಿ ಅಂತ ಅಕ್ಕೋರು ಮುಗಿಸಿದರು. ನನ್ನ ಪಕ್ಕದ ಮಾಮ ಮಾತ್ರ ಇವತ್ತಿಗೂ ಒಪ್ಪಿಲ್ಲ.

ನನಗೆ ಜಾಸ್ತಿ ಉಪಯೋಗವಾದದ್ದು ಬೇರೆ. ನೋಡಬೇಕಾದದ್ದು ನಾಮಪದವನ್ನಲ್ಲ, ‘ಎ’ಗೆ ತಾಗಿ ಬರುವ ಶಬ್ದವನ್ನು. ಕೂರ್ಮಗಡ ‘ಆ್ಯನ್ ಐಲ್ಯಾಂಡ್’, ಆದರೆ ‘ಎ ಸ್ಮಾಲ್ ಐಲ್ಯಾಂಡ್’. ಬೋಟು ‘ಎ ಬೋಟ್’, ಹಳೇದಾದರೆ ‘ಆ್ಯನ್ ಓಲ್ಡ್ ಬೋಟ್’.

ಇನ್ನು ದೂರು. ಕ್ಲಾಸಿನವರು ಕೊಡುವ ಜೆರಾಕ್ಸ್ ನೋಟ್ಸಿನಲ್ಲಿ ಅಕ್ಕೋರು ಒರೆಸಿದ ಅದೇ ಹಳೇ ನಿಯಮ ಮೊದಲ ಪುಟದಲ್ಲೇ ಇದೆ. ಅದರ ಕೆಳಗೆ ಅಪವಾದಗಳ ಉದ್ದ ಪಟ್ಟಿ, ಬಾಯಿಪಾಠಕ್ಕೆ. ಅದಕ್ಕೆ ಬೇರೆ ದುಡ್ಡು! ಲಗೇಜ್, ಇನ್‌ಫರ್ಮೇಶನ್, ಫರ್ನಿಚರ್ ಇಂಥವಕ್ಕೆ ‘ಎ’ಯೂ ಬರುವುದಿಲ್ಲ, ‘ಆ್ಯನ್’ ಕೂಡ ಬರುವುದಿಲ್ಲ ಅನ್ನುವುದನ್ನು ಕ್ಲಾಸು ಬಿಡುವ ಹೊತ್ತಿಗೆ ಗಡಿಬಿಡಿಯಲ್ಲಿ ಹೇಳಿದರು. ಲಾಡ್ಜಿನವನಿಗೆ ಲಗೇಜೇ ತಾನೇ ಮುಖ್ಯ? ‘ದಿ’ ಪಾಠವಂತೂ ಓಡಿಸಿಬಿಟ್ಟರು. ಕಾಳಿ ನದಿಗೆ ‘ದಿ ಕಾಳಿ’, ಕೂರ್ಮಗಡಕ್ಕೆ ‘ದಿ’ ಬೇಡ. ಯಾಕೆ ಅಂತ ಕೇಳಿದ್ದಕ್ಕೆ ಮುಂದಿನ ಬ್ಯಾಚಿನಲ್ಲಿ ಅಂದರು. ಮುಂದಿನ ಬ್ಯಾಚು ಅಂದರೆ ಮತ್ತೆ ಫೀಸು.

ಸೇರುವುದಾದರೆ ಅಕ್ಕೋರ ಬ್ಯಾಚೇ ಬೇಕು ಅಂತ ಮೊದಲೇ ಹೇಳಿ. ಭಾನುವಾರ ಸಂತೆ, ಅವತ್ತು ರಜೆ. ನೋಟ್ಸು ತಗೊಳ್ಳಲೇಬೇಕು ಅಂತ ಒತ್ತಾಯ ಮಾಡುತ್ತಾರೆ, ಬೇಡ ಅಂದರೂ ನಡೆಯುತ್ತದೆ.