ಬೆಕ್ಕಿನ ಶುಗರ್ ನೋಡಲು ಮನುಷ್ಯರ ಗ್ಲುಕೋಮೀಟರ್: ಎರಡು ಮಳೆಗಾಲ ಬಳಸಿದ ಮೇಲೆ

ಮೀಟರ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಅದರ ಸ್ಟ್ರಿಪ್‌ಗೆ ಒಂದು ಕೊಡುವುದೂ ಜಾಸ್ತಿಯೇ.

ಇದು ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವ ಮಾಮೂಲಿ ಗ್ಲುಕೋಮೀಟರ್. ನಿಮ್ಮ ಅಪ್ಪನ ಹತ್ತಿರವೋ ಅತ್ತೆಯ ಹತ್ತಿರವೋ ಇಂಥದ್ದೇ ಒಂದು ಇರುತ್ತದೆ. ಹಾಗಾಗಿ ಸ್ಕ್ರೀನು, ಮೆಮೊರಿ, ಬ್ಯಾಟರಿ ಅಂತ ಬರೆಯುತ್ತಾ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಇದು ಗುಂಡನದ್ದು. ಗುಂಡ ಎಂದರೆ ಆಪರೇಷನ್ ಆದ ಗಂಡು ಬೆಕ್ಕು. ಹೆಸರಿಗೆ ತಕ್ಕ ಮೈ. ಹೊರಗೆ ಕಾಲಿಡದೆ, ಒಣ ಆಹಾರ ಮತ್ತು ಬಂಗುಡೆ ಸಾರಿನ ಅನ್ನ ತಿಂದುಕೊಂಡು ಬೆಳೆದವನು. ಒಂದು ಬೇಸಿಗೆಯಲ್ಲಿ ಬಚ್ಚಲಿನ ಬಕೆಟ್ಟಿನಿಂದ ನೀರು ಕುಡಿಯಲು ಶುರು ಮಾಡಿದ. ಮರಳಿನ ಟ್ರೇ ದಿನವೂ ತೊಪ್ಪೆ. ಆಮೇಲೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯತೊಡಗಿದ. ಶುಗರ್ ಜಾಸ್ತಿಯಾಗಿ ನರ ಸೋತರೆ ಬೆಕ್ಕುಗಳು ಹಾಗೆ ನಡೆಯುತ್ತವಂತೆ.

ಡಾಕ್ಟರು 12 ಗಂಟೆಗೊಮ್ಮೆ 1 ಯೂನಿಟ್ ಗ್ಲಾರ್ಜಿನ್ ಶುರು ಮಾಡಿದರು. ಮನುಷ್ಯರಿಗೆ ಕೊಡುವ ಅದೇ ಇನ್ಸುಲಿನ್. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಮಾಡುತ್ತದೆ, ಸಿಗುವುದೇನೂ ಕಷ್ಟವಿಲ್ಲ. ಜೊತೆಗೆ ಮನೆಯಲ್ಲೇ ಶುಗರ್ ನೋಡಿ ಎಂದರು. ಕ್ಲಿನಿಕ್ಕಿನ ಲೆಕ್ಕ ನಂಬುವ ಹಾಗಿಲ್ಲ. ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ಕೂರಿಸಿ, ನಾಯಿ ಬೊಗಳುವ ಕಡೆ ಕರೆದುಕೊಂಡು ಹೋದರೆ ಆರೋಗ್ಯವಂತ ಬೆಕ್ಕಿಗೂ ಹೆದರಿಕೆಗೇ ಶುಗರ್ 300 ದಾಟಬಹುದು. ಅದಕ್ಕೇ ಈ ಮೀಟರ್.

ಬೆಳಿಗ್ಗೆ ಏಳು, ಸಂಜೆ ಏಳು. ಹಳೇ ಸಾಕ್ಸ್‌ನಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಟ್ಟಿದ್ದೇನೆ. ಅದನ್ನು ಕಾವಲಿ ಮೇಲೆ ಸ್ವಲ್ಪ ಬಿಸಿ ಮಾಡಿ, ನನ್ನ ಕೆನ್ನೆಗೆ ಹಿಡಿದು ನೋಡಿ, ಆಮೇಲೆ ಗುಂಡನ ಕಿವಿಗೆ ಒತ್ತುತ್ತೇನೆ. ಅವನು ಕಣ್ಣು ಮುಚ್ಚಿ ಗುರ್‌ಗುಟ್ಟುತ್ತಾನೆ, ಈ ಭಾಗ ಅವನಿಗೆ ಬಲು ಇಷ್ಟ. ಕಿವಿ ಬೆಚ್ಚಗಾದರೆ ಅಂಚಿನ ರಕ್ತನಾಳ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಅಲ್ಲಿ ತೆಳ್ಳಗೆ ವ್ಯಾಸಲೀನ್ ಸವರಬೇಕು. ಇಲ್ಲದಿದ್ದರೆ ರಕ್ತ ಕೂದಲಿನೊಳಗೆ ಹರಡಿಬಿಡುತ್ತದೆ, ಸವರಿದರೆ ಹನಿಯಾಗಿ ನಿಲ್ಲುತ್ತದೆ. ಹಿಂದೆ ಹತ್ತಿ ಇಟ್ಟುಕೊಂಡು, ನಾಳಕ್ಕೂ ಅಂಚಿಗೂ ನಡುವೆ ಒಂದು ಚುಚ್ಚು. ಮೀಟರ್ ಜೊತೆ ಬರುವ ಸ್ಪ್ರಿಂಗ್ ಪೆನ್ ನಾನು ಬಳಸುವುದಿಲ್ಲ, ಅದರ ಟಕ್ ಸದ್ದಿಗೆ ಇವನು ಬೆಚ್ಚಿ ಬೀಳುತ್ತಾನೆ. ಸೂಜಿಯನ್ನೇ ಕೈಯಲ್ಲಿ ಹಿಡಿಯುತ್ತೇನೆ. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಸಾಕು. ಅದನ್ನು ಮೀಟರ್‌ಗೆ ಸಿಕ್ಕಿಸಿದ ಸ್ಟ್ರಿಪ್‌ನ ತುದಿಗೆ ತಾಗಿಸಿದರೆ ಐದು ಸೆಕೆಂಡಿನಲ್ಲಿ ನಂಬರ್ ಬರುತ್ತದೆ. ಕಿವಿ ಒತ್ತಿ ಹಿಡಿದು ಬೇಯಿಸಿದ ಕೋಳಿಯ ಒಂದು ಚೂರು ಕೊಡುತ್ತೇನೆ. ಈಗ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೆ ಸಾಕು, ಯಾವ ಕೋಣೆಯಲ್ಲಿದ್ದರೂ ಓಡಿ ಬಂದು ಕೂರುತ್ತಾನೆ. ಊಟಕ್ಕೆ ಬಾಯಿ ಹಾಕಿದ ಮೇಲೆ ಹೆಗಲ ಬಳಿ ಚರ್ಮ ಎತ್ತಿ ಇನ್ಸುಲಿನ್. ಅದು ಅವನಿಗೆ ಗೊತ್ತೂ ಆಗುವುದಿಲ್ಲ.

ಇಷ್ಟೆಲ್ಲ ಸೊಗಸಾಗಿ ನಡೆಯುವಾಗ ಸ್ಟ್ರಿಪ್ ಕೈ ಕೊಡುತ್ತದೆ. ಹನಿ ಒಂದು ಕೂದಲೆಳೆಯಷ್ಟು ಕಡಿಮೆಯಾದರೂ ಎರರ್. ಇನ್ನೊಂದು ಹನಿ ಸೇರಿಸೋಣ ಎಂದರೆ ಒಪ್ಪುವುದಿಲ್ಲ. ಆ ಸ್ಟ್ರಿಪ್ ಹೋಯಿತು ಎಂದೇ ಲೆಕ್ಕ. ಮನುಷ್ಯರಾದರೆ ಬೆರಳು ಹಿಂಡಬಹುದು. ಬೆಕ್ಕಿನ ಕಿವಿ ಹಿಂಡಿದರೆ ಯಾರ ರಕ್ತ ಬರುತ್ತದೆ ಹೇಳಿ? ನಮ್ಮೂರಿನಲ್ಲಿ ಒಂದು ಸ್ಟ್ರಿಪ್‌ಗೆ ಹತ್ತಿರ ಹತ್ತಿರ 20 ರೂಪಾಯಿ. ದಿನಕ್ಕೆ ಎರಡು, ಹಾಳಾದವು ಸೇರಿ ಮೂರು. ಮೀಟರನ್ನು ಸುಮ್ನೆ ಕೊಟ್ಟ ಹಾಗೆ ಅಗ್ಗಕ್ಕೆ ಮಾರುವುದು ಯಾಕೆ ಅಂತ ತಿಂಗಳ ಕೊನೆಗೆ ಅರ್ಥವಾಗುತ್ತದೆ. ಮನೆ ಖರ್ಚಿನ ಪುಸ್ತಕದಲ್ಲಿ ಇನ್ಸುಲಿನ್‌ಗಿಂತ ಸ್ಟ್ರಿಪ್ ಸಾಲೇ ದೊಡ್ಡದು.

ಇನ್ನು ಮಳೆಗಾಲ. ನಾವಿರುವುದು ಕುಂದಾಪುರದಲ್ಲಿ. ಜೂನ್ ಬಂದರೆ ಉಪ್ಪು ನೀರಾಗುವ ಊರು. ಸ್ಟ್ರಿಪ್‌ಗೆ ತೇವ ಆಗದು. ಮುಚ್ಚಳ ತೆರೆದೇ ಬಿಟ್ಟರೆ ಉಳಿದವು ಕೆಡುತ್ತವೆ. ಫ್ರಿಜ್ಜಿನಲ್ಲಿ ಇಡುವ ಹಾಗೂ ಇಲ್ಲ. ಒಂದು ಜುಲೈನಲ್ಲಿ ನಂಬರ್‌ಗಳು ಹುಚ್ಚುಹುಚ್ಚಾಗಿ ಬಂದವು: ಈಗ 310, ಮರುಕ್ಷಣ ಅದೇ ಕಿವಿಯಲ್ಲಿ 190. ಹೊಸ ಡಬ್ಬಿ ಒಡೆದ ಮೇಲೇ ಸರಿಹೋಯಿತು. ಅಂದಿನಿಂದ 50ರ ಡಬ್ಬಿ ಬಿಟ್ಟು 25ರದ್ದು ತರುತ್ತೇನೆ. ಒಂದಕ್ಕೆ ಬೀಳುವ ಬೆಲೆ ಸ್ವಲ್ಪ ಜಾಸ್ತಿ, ಆದರೆ ಎಸೆಯುವುದು ಕಡಿಮೆ.

ಇನ್ನೊಂದು ವಿಷಯ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಮನುಷ್ಯರ ರಕ್ತದಲ್ಲಿ ಗ್ಲುಕೋಸ್‌ನ ದೊಡ್ಡ ಪಾಲು ಕೆಂಪು ಕಣಗಳ ಒಳಗೂ ಇರುತ್ತದೆ. ಬೆಕ್ಕಿನಲ್ಲಿ ಬಹುತೇಕ ಎಲ್ಲವೂ ಪ್ಲಾಸ್ಮಾದಲ್ಲೇ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವದಲ್ಲೇ. ಮೀಟರ್‌ನ ಲೆಕ್ಕಾಚಾರ ಮನುಷ್ಯರದ್ದಾದ್ದರಿಂದ ಬೆಕ್ಕಿಗೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡಾಕ್ಟರು ಲ್ಯಾಬಿನ ರಕ್ತದ ಜೊತೆ ಒಮ್ಮೆ ಹೋಲಿಸಿ ನೋಡಿ, ಒಂದೇ ಮೀಟರ್ ಹಿಡಿದುಕೊಳ್ಳಿ, ಏರಿಳಿತ ನೋಡಿ, ಒಂದು ನಂಬರ್ ಹಿಡಿದು ಕೂರಬೇಡಿ ಎಂದರು. ಬೆಕ್ಕು-ನಾಯಿಗೆಂದೇ ಆಲ್ಫಾಟ್ರ್ಯಾಕ್ ಎಂಬ ಮೀಟರ್ ಇದೆ. ನನ್ನ ಬಜೆಟ್‌ಗೆ ಅದು ಆಗಲಿಲ್ಲ. ದುಡ್ಡಿದ್ದವರು ಅದನ್ನೇ ತಗೊಳ್ಳಿ.

ಸಿರಿಂಜ್ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ಪ್ರಾಣದ ವಿಷಯ. ನಮ್ಮಲ್ಲಿ ಎರಡು ಬಗೆ ಸಿಗುತ್ತವೆ. ಕೆಂಪು ಮುಚ್ಚಳದ್ದು ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಬಣ್ಣದ್ದು 100 ಇರುವುದಕ್ಕೆ. ಗುಂಡನ ಗ್ಲಾರ್ಜಿನ್ 100ರದ್ದು. ಒಂದು ಅಂಗಡಿಯವರು "ಎಲ್ಲಾ ಒಂದೇ ಮೇಡಂ" ಎಂದು ಕೆಂಪು ಮುಚ್ಚಳದ ಕಟ್ಟು ಕೊಟ್ಟರು. ಅಲ್ಲೇ ವಾಪಸ್ ಮಾಡಿದೆ. ಅದರ 1ರ ಗೆರೆವರೆಗೆ ಗ್ಲಾರ್ಜಿನ್ ಎಳೆದರೆ ಎರಡೂವರೆ ಯೂನಿಟ್ ಬರುತ್ತದೆ. ಅಷ್ಟು ಸಾಕು, ಶುಗರ್ ತೀರಾ ಇಳಿದು ಬೆಕ್ಕು ಕುಸಿದು ಬೀಳಲು. ಅರ್ಧ ಯೂನಿಟ್‌ನ ಗೆರೆ ಇರುವ ಸಿರಿಂಜ್ ಇಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸುತ್ತೇನೆ.

ಇಷ್ಟು ಬೈದ ಮೇಲೂ ನಾಲ್ಕು ಸ್ಟಾರ್ ಯಾಕೆ ಅಂತೀರಾ? ಒಣ ಆಹಾರ, ಅನ್ನ ಎರಡನ್ನೂ ಬಿಡಿಸಿ, ಡಾಕ್ಟರು ಹೇಳಿದ ಕಡಿಮೆ ಪಿಷ್ಟದ ಮೆತ್ತನೆಯ ವೆಟ್ ಫುಡ್‌ಗೆ ತಂದ ಮೇಲೆ ಗುಂಡನ ಶುಗರ್ ಇಳಿಯುತ್ತಾ ಬಂತು. ಒಂದು ಮಧ್ಯಾಹ್ನ, ಇನ್ಸುಲಿನ್ ಕೊಟ್ಟು ಐದಾರು ಗಂಟೆಯಾಗಿತ್ತು, ನಡೆಯುವಾಗ ಸ್ವಲ್ಪ ವಾಲಿದ. ನಿದ್ದೆಗಣ್ಣಿರಬೇಕು ಎಂದು ಬಿಟ್ಟುಬಿಡುವಷ್ಟೇ ಸ್ವಲ್ಪ. ಮೀಟರ್ ಹಿಡಿದೆ: 43. ಕಡಿಮೆ ತೋರಿಸುವ ಮೀಟರ್ ಆದರೂ ಅದು ತಮಾಷೆಯ ನಂಬರ್ ಅಲ್ಲ. ಬೆರಳಿಗೆ ಜೇನು ಹಚ್ಚಿ ಒಸಡಿಗೆ ಸವರಿದೆ, ಊಟ ಇಟ್ಟೆ, ಡಾಕ್ಟರಿಗೆ ಫೋನ್ ಮಾಡಿದೆ. ಕಾಲು ಗಂಟೆಗೆ 58. ಮತ್ತೆ ಜೇನು. ಆಮೇಲೆ 91. ಅವತ್ತು ಮೀಟರ್ ಒಮ್ಮೆಯೂ ಎರರ್ ಎನ್ನಲಿಲ್ಲ. ನಾನೂ ಸ್ಟ್ರಿಪ್‌ನ ರೇಟ್ ನೆನಪಿಸಿಕೊಳ್ಳಲಿಲ್ಲ. ಡಾಕ್ಟರು ಸಂಜೆಯ ಡೋಸ್ ಬಿಡಿಸಿ, ಮರುದಿನದಿಂದ ಅರ್ಧ ಯೂನಿಟ್‌ಗೆ ಇಳಿಸಿದರು. ಈ ಮೀಟರ್ ಇಲ್ಲದಿದ್ದರೆ ಏಳು ಗಂಟೆಗೆ ಎಂದಿನಂತೆ ಇನ್ನೊಂದು ಯೂನಿಟ್ ಹೋಗುತ್ತಿತ್ತು ಅಲ್ವಾ?

ಮದುವೆ, ಗೃಹಪ್ರವೇಶಕ್ಕೆಲ್ಲ ಈಗ ನಾವು ಸರದಿ ಮೇಲೆ ಹೋಗುತ್ತೇವೆ. ಏಳು ಗಂಟೆಗೆ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಅದನ್ನು ಮೀಟರ್‌ನ ದೋಷಗಳ ಪಟ್ಟಿಗೆ ಸೇರಿಸಲಾರೆ.

ತಗೊಳ್ಳುವವರು ಮೀಟರ್‌ನ ಬೆಲೆ ನೋಡಬೇಡಿ, ಸ್ಟ್ರಿಪ್‌ನ ಬೆಲೆ ಕೇಳಿ. ಅದು ನಿಮ್ಮ ಊರಿನಲ್ಲೇ, ಭಾನುವಾರವೂ ಸಿಗುತ್ತದಾ ಕೇಳಿ. ಗುಂಡ ಈಗ ಪೂರ್ತಿ ಪಾದದಲ್ಲಿ ಅಲ್ಲ, ಬೆಕ್ಕಿನ ಹಾಗೆ ಬೆರಳ ಮೇಲೆ ನಡೆಯುತ್ತಾನೆ. ಮುಂದಿನ ವಾರ ಒಂದು ಕರ್ವ್ ನೋಡಿ ಇನ್ಸುಲಿನ್ ನಿಲ್ಲಿಸಬಹುದೇ ಯೋಚಿಸೋಣ ಎಂದಿದ್ದಾರೆ ಡಾಕ್ಟರು. ಕರ್ವ್ ಎಂದರೆ 12 ಗಂಟೆ, ಎರಡು ಗಂಟೆಗೊಮ್ಮೆ ಕಿವಿ. ಏಳು ಸ್ಟ್ರಿಪ್, ಎರರ್ ಬಂದವು ಬೇರೆ. ಹೊಸ ಡಬ್ಬಿ ತರಿಸಿಟ್ಟಿದ್ದೇನೆ.